ಮೊಬೈಲ್ ರೇಡಿಯೇಷನ್ ಮತ್ತು ನಮ್ಮ ಕಣ್ಣು: ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಣು ಪರೀಕ್ಷೆಗೆ ಬಂದವರು ಕೇಳಿದ್ದು, ಪತ್ರ ಬರೆದು ಕೇಳಿದ್ದು, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕದವರು ಕೇಳಿದ್ದು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲು ತಿಳಿಯಬೇಕಾದ್ದು

ಮೊಬೈಲ್ ರೇಡಿಯೇಷನ್ ಅಂದ್ರೆ ನಿಜವಾಗ್ಲೂ ಏನು? ಏನೋ ಕಿರಣ ಅಂತಾರೆ, ಕಣ್ಣಿಗಂತೂ ಕಾಣಲ್ಲ.

ಫೋನಿನಿಂದ ಹೊರಗೆ ಬರುವುದು ಮೂರು. ಒಂದು, ಟವರ್ ಜೊತೆ ಸಂಪರ್ಕಕ್ಕೆ ಆಂಟೆನಾ ಕಳಿಸುವ ರೇಡಿಯೋ ಅಲೆ. ಎರಡು, ಪರದೆಯ ಬೆಳಕು. ಮೂರು, ಬ್ಯಾಟರಿ ಮತ್ತು ಚಿಪ್‌ನ ಬಿಸಿ. ಜನರ ಭಯವೆಲ್ಲ ಮೊದಲನೆಯದರ ಮೇಲೆ. ಆದರೆ ಕಣ್ಣು ತೋರಿಸಲು ಬರುವವರ ದೂರುಗಳಲ್ಲಿ ಬಹುಪಾಲು ಹುಟ್ಟುವುದು ಪರದೆಯನ್ನು ನಾವು ನೋಡುವ ರೀತಿಯಿಂದ: ಎಷ್ಟು ಹತ್ತಿರ, ಎಷ್ಟು ಹೊತ್ತು, ರೆಪ್ಪೆ ಬಡಿಯದೆ.

ರೇಡಿಯೋ ಅಲೆ ನಮಗೆ ಹೊಸದೂ ಅಲ್ಲ. ಧಾರವಾಡದ ಆಕಾಶವಾಣಿ 1950ರಿಂದ ಅದನ್ನೇ ಹರಡುತ್ತಿದೆ. ಮೊಬೈಲ್‌ಗಳು ಬಳಸುವ ಅಲೆಯ ಕಂಪನ ಅದಕ್ಕಿಂತ ಜಾಸ್ತಿ, ಹೆಚ್ಚಾಗಿ 700 ಮೆಗಾಹರ್ಟ್ಜ್‌ನಿಂದ 3.5 ಗಿಗಾಹರ್ಟ್ಜ್‌ವರೆಗೆ. ಜಾತಿ ಮಾತ್ರ ಒಂದೇ.

ಎಕ್ಸ್‌ರೇ ಥರಾನೇ ಅಲ್ವಾ ಇದೂ? ಅದರಿಂದ ದೂರ ಇರಿ ಅಂತಾರೆ, ಇದನ್ನ ಮುಖದ ಹತ್ರಾನೇ ಇಟ್ಕೋತೀವಿ.

ಅಲ್ಲ. ಎಕ್ಸ್‌ರೇಗೆ ಅಣುವಿನಿಂದ ಎಲೆಕ್ಟ್ರಾನ್ ಕಿತ್ತು ಹಾಕುವ ಶಕ್ತಿ ಇದೆ. ಹಾಗಾಗಿ ಅದು ಡಿಎನ್ಎಗೆ ನೇರವಾಗಿ ಏಟು ಕೊಡಬಲ್ಲದು. ಎಕ್ಸ್‌ರೇ ಜಾಸ್ತಿ ತಾಗಿದರೆ ಕಣ್ಣಿನ ಪೊರೆ ಬರುತ್ತದೆ, ಇದರಲ್ಲಿ ಅನುಮಾನವಿಲ್ಲ. ಹೃದಯದ ಸ್ಟೆಂಟ್ ಹಾಕುವ ವೈದ್ಯರು ಸೀಸದ ಕನ್ನಡಕ ಹಾಕುವುದು ಅದಕ್ಕೇ.

ಮೊಬೈಲ್ ಅಲೆಯ ಒಂದೊಂದು ಕಣದ ಶಕ್ತಿ ನಮ್ಮ ಕಣ್ಣಿಗೆ ಕಾಣುವ ಮಾಮೂಲಿ ಬೆಳಕಿನ ಕಣಕ್ಕಿಂತಲೂ ಲಕ್ಷಾಂತರ ಪಟ್ಟು ಕಡಿಮೆ. ಅದು ಅಣುವನ್ನು ಒಡೆಯಲಾರದು. ಅದರಿಂದ ಖಚಿತವಾಗಿ ಆಗುವುದು ಒಂದೇ, ತಾಗಿದ ಜಾಗ ಸ್ವಲ್ಪ ಬಿಸಿಯಾಗುವುದು. ಪ್ರಶ್ನೆ ಏನಿದ್ದರೂ ಎಷ್ಟು ಬಿಸಿ ಎಂಬುದು.

ಸುತ್ತಿ ಬಳಸಿ ಬೇಡ. ಒಂದೇ ಮಾತಲ್ಲಿ ಹೇಳಿ, ರೇಡಿಯೇಷನ್‌ನಿಂದ ಕಣ್ಣು ಹಾಳಾಗುತ್ತಾ ಇಲ್ವಾ?

ಫೋನಿಗೆ ಹಾಕಿರುವ ಮಿತಿಯೊಳಗೆ ರೇಡಿಯೋ ಅಲೆಯಿಂದ ಮನುಷ್ಯರ ಕಣ್ಣು ಹಾಳಾಗುತ್ತದೆ ಎನ್ನಲು ನಂಬುವಂಥ ಪುರಾವೆ ಇಲ್ಲ. ಫೋನ್ ಬಳಸುವ ಅಭ್ಯಾಸದಿಂದ ಕಣ್ಣಿಗೆ ತೊಂದರೆ ಆಗುತ್ತದೆ ಎನ್ನಲು ಬೇಕಾದಷ್ಟು ಪುರಾವೆ ಇದೆ. ಈ ಎರಡನ್ನೂ ಬೇರೆ ಇಟ್ಟುಕೊಂಡರೆ ಮುಂದಿನದು ಸುಲಭ.

ಒಂದು ಗಂಟೆ ವಿಡಿಯೋ ನೋಡಿದ್ರೆ ಫೋನ್ ಕಾದು ಕೆಂಡ ಆಗುತ್ತೆ. ಆ ಬಿಸಿ ಕಣ್ಣಿಗೆ ತಾಗಲ್ವಾ?

ಕೈಗೆ ತಾಗುವ ಆ ಬಿಸಿ ಬ್ಯಾಟರಿ, ಚಿಪ್ ಮತ್ತು ಪರದೆಯದ್ದು. ಒಂದು ಅಡಿ ದೂರದ ಕಣ್ಣಿಗೆ ಅದು ಬಂದು ಮುಟ್ಟುವುದಿಲ್ಲ. ಮೇ ತಿಂಗಳಲ್ಲಿ ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಕಣ್ಣಿಗೆ ತಾಗುವ ಬಿಸಿಗಾಳಿಯ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ಇನ್ನೊಂದು ಸಂಗತಿ. ವಿಡಿಯೋ ನೋಡುವಾಗ ಫೋನ್ ಹೆಚ್ಚಾಗಿ ಅಲೆಯನ್ನು ಪಡೆಯುತ್ತಿರುತ್ತದೆ, ಕಳಿಸುವುದು ಕಡಿಮೆ. ಕಳಿಸುವುದು ಜಾಸ್ತಿಯಾಗುವುದು ಕರೆ ಮಾಡಿದಾಗ, ದೊಡ್ಡ ಫೈಲ್ ಅಪ್‌ಲೋಡ್ ಮಾಡಿದಾಗ. ಕರೆಯ ಹೊತ್ತಿಗೆ ಫೋನಿಗೆ ಹತ್ತಿರ ಇರುವುದು ಕಿವಿ ಮತ್ತು ದವಡೆ, ಕಣ್ಣಲ್ಲ.

## ದಿನನಿತ್ಯದ ದೂರುಗಳು

ಅರ್ಧ ಗಂಟೆ ಮೊಬೈಲ್ ನೋಡಿದ್ರೆ ಕಣ್ಣು ಉರಿ, ಆಮೇಲೆ ನೀರು ಸುರಿಯುತ್ತೆ. ಇದು ರೇಡಿಯೇಷನ್ ಅಲ್ದೆ ಇನ್ನೇನು?

ಒಣಗಿದ ಕಣ್ಣು. ಸುಮ್ನೆ ಕೂತು ಮಾತಾಡುವಾಗ ನಾವು ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಬಡಿದರೂ ಎಷ್ಟೋ ಸಲ ಅರ್ಧಂಬರ್ಧ ಬಡಿಯುತ್ತೇವೆ, ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟುವುದೇ ಇಲ್ಲ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಅದರ ಮೇಲಿನ ಕಣ್ಣೀರಿನ ತೆಳು ಪದರ ಆಗ ಅಲ್ಲಲ್ಲಿ ಹರಿದುಹೋಗುತ್ತದೆ. ಉರಿ ಶುರುವಾಗುವುದು ಅಲ್ಲಿಂದ. ಆಮೇಲೆ ಸುರಿಯುವ ನೀರು ಆ ಉರಿಗೆ ಕಣ್ಣು ಕೊಡುವ ಉತ್ತರ. "ನೀರು ಬರ್ತಿದೆ, ಒಣಗಿದೆ ಅಂತೀರಲ್ಲ" ಎಂದು ಜನ ನಗುತ್ತಾರೆ, ಆದರೆ ಎರಡೂ ಒಟ್ಟಿಗೆ ಇರುತ್ತವೆ.

ಫ್ಯಾನ್ ಗಾಳಿ ನೇರ ಮುಖಕ್ಕೆ ಬೀಳುತ್ತಿದ್ದರೆ, ಎಸಿ ಕೋಣೆಯಲ್ಲಿದ್ದರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದರೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿದ್ದರೆ ಇದು ಇನ್ನೂ ಜಾಸ್ತಿ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗಿನ ಏನನ್ನಾದರೂ 20 ಸೆಕೆಂಡ್ ನೋಡಿ ಎಂಬ ಸೂತ್ರ ಕೇಳಿರುತ್ತೀರಿ. ಅಂಕಿಗಳಲ್ಲಿ ಮಂತ್ರ ಏನಿಲ್ಲ, ನೆನಪಿಗೆ ಸುಲಭ ಅಷ್ಟೆ. ಆ 20 ಸೆಕೆಂಡಿನಲ್ಲಿ ಹತ್ತು ಸಲ ಪೂರ್ತಿಯಾಗಿ ರೆಪ್ಪೆ ಮುಚ್ಚಿ ತೆಗೆಯಿರಿ. ಸಾಲದಿದ್ದರೆ ಕೃತಕ ಕಣ್ಣೀರಿನ ಡ್ರಾಪ್ಸ್ ಇದೆ. ಮೆಡಿಕಲ್ ಶಾಪಿನವರು ಕೊಡುವ "ಕೆಂಪು ಹೋಗೋ ಡ್ರಾಪ್ಸ್" ಮಾತ್ರ ಬೇಡ. ಅವುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಸೇರಿಸಿರುತ್ತಾರೆ. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಹಾಕಿದರೆ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ), ಪೊರೆ ಎರಡೂ ಬರಬಹುದು. ನನ್ನ ಲೆಕ್ಕದಲ್ಲಿ ಅದು ಯಾವ ಫೋನಿಗಿಂತಲೂ ಅಪಾಯದ್ದು.

ಇದೆಲ್ಲ ಉಷ್ಣ, ಕಣ್ಣಿಗೆ ಹರಳೆಣ್ಣೆ ಬಿಡು ಅಂತಾರೆ ಅಜ್ಜಿ. ಬಿಡ್ಲಾ?

ನೆತ್ತಿಗೆ ಹಾಕಿಕೊಳ್ಳಿ, ತಕರಾರಿಲ್ಲ. ಕಣ್ಣಿನೊಳಗೆ ಬೇಡ. ಒಣಗಣ್ಣಿನ ಕೆಲವು ಡ್ರಾಪ್ಸ್‌ನಲ್ಲಿ ಹರಳೆಣ್ಣೆಯ ಅಂಶ ಇರುವುದು ನಿಜ. ಆದರೆ ಅದು ಶುದ್ಧ ಮಾಡಿ, ಸೂಕ್ಷ್ಮಾಣು ಇಲ್ಲದಂತೆ ತಯಾರಾದದ್ದು. ಅಡುಗೆಮನೆ ಕಪಾಟಿನ ಬಾಟಲಿ ಅಲ್ಲ. ನಂದಿಬಟ್ಟಲು ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಂಡು ಮಲಗುತ್ತೇನೆ ಎಂದರೆ ಆರಾಮಾಗಿ ಮಲಗಿ, ಅಷ್ಟು ಹೊತ್ತು ಫೋನಾದರೂ ದೂರ ಇರುತ್ತದೆ. ಅದರ ರಸ ಹಿಂಡಿ ಕಣ್ಣಿಗೆ ಬಿಡುವುದು ಬೇಡ. ಹೂವಿನ ಮೇಲಿನ ಶಿಲೀಂಧ್ರ ಕಾರ್ನಿಯಾಕ್ಕೆ ಹತ್ತಿದರೆ ವಾಸಿ ಮಾಡುವುದು ಬಹಳ ಕಷ್ಟ.

ನನಗೆ 43. ಮೊಬೈಲ್ ನೋಡಿ ನೋಡಿ ಹತ್ತಿರದ ಅಕ್ಷರ ಮಂಜಾಗಿದೆ. ಬಿಟ್ರೆ ಸರಿಹೋಗುತ್ತಾ?

ಅದು ಚಾಳೀಸಿನ ವಯಸ್ಸು. 40ರ ಆಸುಪಾಸಿನಲ್ಲಿ ಕಣ್ಣಿನ ಮಸೂರ ಗಟ್ಟಿಯಾಗುತ್ತಾ ಬರುತ್ತದೆ, ಹತ್ತಿರದ್ದಕ್ಕೆ ಬೇಕಾದಷ್ಟು ಉಬ್ಬಲು ಆಗುವುದಿಲ್ಲ. ಫೋನ್ ಇಲ್ಲದ ಕಾಲದಲ್ಲೂ ಎಲ್ಲರಿಗೂ ಬರುತ್ತಿತ್ತು. ಆಗ ಪಂಚಾಂಗ ದೂರ ಹಿಡಿಯುತ್ತಿದ್ದರು, ಈಗ ಫೋನ್ ದೂರ ಹಿಡಿಯುತ್ತೇವೆ. ಬಿಟ್ಟರೆ ಸರಿಹೋಗುವುದಿಲ್ಲ, ಓದುವ ಕನ್ನಡಕ ಬೇಕು.

ಹೋದಾಗ ಸಕ್ಕರೆ, ಬಿಪಿ, ಕಣ್ಣಿನೊಳಗಿನ ಒತ್ತಡ ಇವನ್ನೂ ನೋಡಿಸಿಕೊಳ್ಳಿ. ಮಂಜಾದದ್ದಕ್ಕೆಲ್ಲ ಮೊಬೈಲ್‌ ಮೇಲೆ ತಪ್ಪು ಹಾಕಿ ಕೂತವರಲ್ಲಿ ಸಕ್ಕರೆ ಕಾಯಿಲೆ ರೆಟಿನಾವನ್ನು (ಕಣ್ಣಿನ ಹಿಂಭಾಗದ, ಬೆಳಕು ಗ್ರಹಿಸುವ ಪದರವನ್ನು) ಆಗಲೇ ಹಿಡಿದಿರುವುದನ್ನು ಕಂಡಾಗ ಬೇಸರವಾಗುತ್ತದೆ.

ರಾತ್ರಿ ಲೈಟ್ ಆರಿಸಿ ಮೊಬೈಲ್ ನೋಡ್ತಿದ್ದೆ. ಎದ್ದು ನಿಂತಾಗ ಒಂದು ಕಣ್ಣು ಕಾಣಿಸ್ಲೇ ಇಲ್ಲ! ಹತ್ತು ನಿಮಿಷ ಆದ್ಮೇಲೆ ಸರಿಯಾಯ್ತು. ಪಾರ್ಶ್ವವಾಯುನಾ?

2016ರಲ್ಲಿ ಲಂಡನ್ನಿನ ವೈದ್ಯರು ಇಂಥದ್ದೇ ಇಬ್ಬರು ಮಹಿಳೆಯರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಪಾರ್ಶ್ವವಾಯು ಇರಬಹುದೆಂದು ಎಲ್ಲ ಪರೀಕ್ಷೆ ಆಯಿತು, ಏನೂ ಸಿಗಲಿಲ್ಲ. ಕೊನೆಗೆ, ಇದು ಬಂದಾಗ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ಗುಟ್ಟು ಬಯಲಾಯಿತು. ಮಗ್ಗುಲಾಗಿ ಮಲಗಿ ಕತ್ತಲಲ್ಲಿ ಫೋನ್ ನೋಡುತ್ತಿದ್ದರು. ಒಂದು ಕಣ್ಣು ದಿಂಬಿನಲ್ಲಿ ಮುಚ್ಚಿ ಕತ್ತಲಿಗೆ ಹೊಂದಿಕೊಂಡಿತ್ತು, ಇನ್ನೊಂದು ಪರದೆಯ ಬೆಳಕಿಗೆ ಹೊಂದಿಕೊಂಡಿತ್ತು. ಫೋನ್ ಆರಿಸಿದೊಡನೆ ಬೆಳಕಿಗೆ ಹೊಂದಿದ ಕಣ್ಣಿಗೆ ಕತ್ತಲಲ್ಲಿ ಏನೂ ಕಾಣಲಿಲ್ಲ. ಅದಕ್ಕೆ ಮತ್ತೆ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಇದರಲ್ಲಿ ಹಾನಿ ಇಲ್ಲ.

ನೀವು ಹೀಗೆ ಮಲಗಿರದೆ ಒಂದು ಕಣ್ಣು ಕಪ್ಪಾದರೆ ಮಾತ್ರ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಹಠಾತ್ತಾಗಿ ಮಿಂಚು ಹೊಡೆದಂತೆ ಕಂಡರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಸುರಿದರೆ, ಪಕ್ಕದಿಂದ ಪರದೆ ಎಳೆದಂತಾದರೆ ಕೂಡ ಅಷ್ಟೇ. ರೆಟಿನಾ ಹರಿದಿರಬಹುದು.

ಬ್ಲೂ ಕಟ್ ಗ್ಲಾಸ್ ಹಾಕಿಸಿ ಅಂತ ಅಂಗಡಿಯವರು ಹಠ ಹಿಡಿದ್ರು. ಸಾವಿರ ರೂಪಾಯಿ ಜಾಸ್ತಿ. ಹಾಕಿಸ್ಬೇಕಾ?

ದುಡ್ಡು ಉಳಿಸಿ. ಬ್ಲೂ ಕಟ್ ಅಂದರೆ ನೀಲಿ ಬೆಳಕನ್ನು ಸೋಸುವ ಗ್ಲಾಸು. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2023ರ ವಿಮರ್ಶೆ 17 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಮಾಮೂಲಿ ಕನ್ನಡಕಕ್ಕೆ ಹೋಲಿಸಿದರೆ ಪರದೆ ನೋಡುವಾಗಿನ ಕಣ್ಣಿನ ಆಯಾಸ ಕಡಿಮೆ ಮಾಡುವಲ್ಲಿ ಬ್ಲೂ ಕಟ್‌ನಿಂದ ವ್ಯತ್ಯಾಸ ಕಾಣಲಿಲ್ಲ, ಕನಿಷ್ಠ ಕೆಲವು ವಾರಗಳ ಮಟ್ಟಿಗೆ. ಅಮೆರಿಕದ ನೇತ್ರ ವೈದ್ಯರ ಅಕಾಡೆಮಿಯೂ ಕಂಪ್ಯೂಟರ್ ಕೆಲಸಕ್ಕೆಂದು ಇದನ್ನು ಶಿಫಾರಸು ಮಾಡುವುದಿಲ್ಲ.

ನೀಲಿ ಬೆಳಕಿನ ಭಯ ಎಲ್ಲಿಂದ ಬಂತು? ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಜೋರು ನೀಲಿ ಬೆಳಕು ಬಿಟ್ಟರೆ ಅವು ಸಾಯುತ್ತವೆ, ಅದು ನಿಜ. ಆದರೆ ಮೋಡ ಕವಿದ ಆಕಾಶ ಕೂಡ ಮನೆಯೊಳಗೆ ನಾವು ಇಟ್ಟುಕೊಳ್ಳುವ ಪರದೆಯ ಬೆಳಕಿಗಿಂತ ಎಷ್ಟೋ ಪಟ್ಟು ಪ್ರಖರ. ಆಕಾಶ ನೋಡಲು ಹೆದರದವರು ಫೋನಿನ ನೀಲಿಗೆ ಹೆದರಬೇಕಿಲ್ಲ. ರಾತ್ರಿ ಹೊತ್ತು ಈ ಬೆಳಕು ನಿದ್ದೆಯನ್ನು ಮುಂದೂಡುತ್ತದೆ ಎಂಬುದು ಬೇರೆ ಮಾತು. ಅದಕ್ಕೆ ಫೋನ್ ಕೆಳಗಿಟ್ಟರೆ ಸಾಕು.

ಡಾರ್ಕ್ ಮೋಡ್ ಹಾಕಿದ್ರೆ ರೇಡಿಯೇಷನ್ ಕಮ್ಮಿಯಾಗುತ್ತಾ?

ಇಲ್ಲ. ಪರದೆಯ ಬಣ್ಣಕ್ಕೂ ಆಂಟೆನಾಗೂ ಸಂಬಂಧವಿಲ್ಲ. ಕತ್ತಲ ಕೋಣೆಯಲ್ಲಿ ಹಿತವೆನಿಸಿದರೆ ಬಳಸಿ.

## ಮಕ್ಕಳ ಕಣ್ಣು

ಮಗನಿಗೆ ಏಳು ವರ್ಷ, ಆಗ್ಲೇ ಮೈನಸ್ ಎರಡು. ನಮ್ಮ ಮನೇಲಿ ಯಾರಿಗೂ ಸೈಟ್ ಇಲ್ಲ. ಮೊಬೈಲ್ ರೇಡಿಯೇಷನ್ನೇ ತಾನೆ ಕಾರಣ?

ರೇಡಿಯೇಷನ್ ಅಲ್ಲ. ಮೊಬೈಲ್‌ಗೆ ಪೂರ್ತಿ ಮಾಫಿಯೂ ಇಲ್ಲ. ಮೈನಸ್ ಬರುವುದೆಂದರೆ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದ ಬೆಳೆಯುವುದು. ಒಂದು ಮಿಲಿಮೀಟರ್ ಉದ್ದವಾದರೂ ಮೈನಸ್ ಎರಡೂವರೆ, ಮೂರರ ಹತ್ತಿರ ಬರುತ್ತದೆ. ಹೆಚ್ಚು ಹೊತ್ತು ಬಹಳ ಹತ್ತಿರದ್ದನ್ನು ನೋಡುವುದು ಇದಕ್ಕೆ ಜೊತೆಗೂಡುತ್ತದೆ, ಪುಸ್ತಕವೂ ಸೇರಿ. ಹೊರಗಿನ ಬೆಳಕು ಸಿಗದಿರುವುದು ಇನ್ನೂ ದೊಡ್ಡ ಕಾರಣ. ಬಯಲಿನ ಪ್ರಖರ ಬೆಳಕು ಬಿದ್ದಾಗ ರೆಟಿನಾದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚು ಬಿಡುಗಡೆಯಾಗಿ, ಅದು ಕಣ್ಣುಗುಡ್ಡೆಯ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂದು ಸಂಶೋಧಕರು ತಿಳಿದಿದ್ದಾರೆ. ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ಮನೆಯೊಳಗೆ 300–500 ಇದ್ದರೆ ಬಿಸಿಲಿನ ಬಯಲಲ್ಲಿ ಒಂದು ಲಕ್ಷದವರೆಗೆ ಹೋಗುತ್ತದೆ.

ಚೀನಾದ ಗ್ವಾಂಗ್‌ಜೌನಲ್ಲಿ ಒಂದನೇ ತರಗತಿ ಮಕ್ಕಳಿಗೆ ಶಾಲೆಯಲ್ಲೇ ದಿನಕ್ಕೆ 40 ನಿಮಿಷ ಹೆಚ್ಚುವರಿ ಬಯಲಿನ ಅವಧಿ ಕೊಟ್ಟು ಮೂರು ವರ್ಷ ನೋಡಿದರು. 2015ರಲ್ಲಿ ಫಲಿತಾಂಶ ಬಂತು. ಹಾಗೆ ಬಿಟ್ಟ ಶಾಲೆಗಳಲ್ಲಿ ಮೈನಸ್ ಬಂದ ಮಕ್ಕಳು 30.4%, ಬಿಡದ ಶಾಲೆಗಳಲ್ಲಿ 39.5%. ತೈವಾನ್ 2010ರಿಂದಲೇ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಲಿ ಎಂದು ಶಾಲೆಗಳಿಗೆ ಹೇಳುತ್ತಿದೆ. ನಮ್ಮಲ್ಲಿ ದೆಹಲಿಯ ಏಮ್ಸ್ ತಂಡ ಅಲ್ಲಿನ ಶಾಲಾ ಮಕ್ಕಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಪ್ರಕಾರ ಮೈನಸ್ ಇದ್ದ ಮಕ್ಕಳು 13.1%.

ಈಗಾಗಲೇ ಬಂದ ಮೈನಸ್ ಹಿಂದೆ ಹೋಗುವುದಿಲ್ಲ. ಏರುವ ವೇಗ ತಗ್ಗಿಸಬಹುದು. ಕಡಿಮೆ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್ ಇದೆ, ವಿಶೇಷ ಲೆನ್ಸ್‌ಗಳಿವೆ. ಮಕ್ಕಳ ಕಣ್ಣಿನ ವೈದ್ಯರನ್ನು ಕೇಳಿ. ಸಂಜೆ ಟ್ಯೂಷನ್ ಒಂದು ಗಂಟೆ ಕಡಿಮೆ ಮಾಡಿ ಗಲ್ಲಿಯಲ್ಲಿ ಕ್ರಿಕೆಟ್ ಆಡಲು ಬಿಡಿ ಎಂದರೆ ಅಪ್ಪ ಅಮ್ಮಂದಿರ ಮುಖ ಸಪ್ಪಗಾಗುತ್ತದೆ, ಆದರೂ ಹೇಳುತ್ತೇನೆ.

ಮೊಬೈಲ್ ಕೊಡದಿದ್ರೆ ಪಾಪು ಊಟಾನೇ ಮಾಡಲ್ಲ. ಎಷ್ಟು ಹೊತ್ತು ಕೊಟ್ರೆ ತೊಂದ್ರೆ ಇಲ್ಲ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಹೀಗೆ: ಎರಡು ವರ್ಷದೊಳಗೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಇದಕ್ಕೆ ಕಾರಣ ರೇಡಿಯೇಷನ್ ಅಲ್ಲ. ನಿದ್ದೆ, ಓಡಾಟ, ಮಾತು ಕಲಿಯುವುದು ಇವಕ್ಕೆ ಅಡ್ಡಿ ಬರುತ್ತದೆ ಎಂದು. ಅಜ್ಜ ಅಜ್ಜಿಯ ಜೊತೆ ವಿಡಿಯೋ ಕಾಲ್‌ಗೆ ಮಕ್ಕಳ ವೈದ್ಯರು ಸಾಮಾನ್ಯವಾಗಿ ವಿನಾಯಿತಿ ಕೊಡುತ್ತಾರೆ. ತೋರಿಸಲೇಬೇಕಾದರೆ ಟಿವಿಯಲ್ಲಿ ತೋರಿಸಿ. ಎಂಟು ಅಡಿ ದೂರದ ಪರದೆ ಎಂಟು ಅಂಗುಲ ದೂರದ್ದಕ್ಕಿಂತ ಕಣ್ಣಿಗೆ ಹಗುರ.

ಹದಿಮೂರು ವರ್ಷದ ಮಗಳ ಒಂದು ಕಣ್ಣು ಇದ್ದಕ್ಕಿದ್ದಂಗೆ ಮೆಳ್ಳೆ ಆಗಿದೆ. ಎರಡೆರಡು ಕಾಣುತ್ತಂತೆ. ಮೊಬೈಲ್‌ನಿಂದ ಹೀಗೂ ಆಗುತ್ತಾ?

ಆಗಬಹುದು. 2016ರಲ್ಲಿ ದಕ್ಷಿಣ ಕೊರಿಯಾದ ವೈದ್ಯರು 12 ಹದಿಹರೆಯದವರ ಬಗ್ಗೆ ವರದಿ ಮಾಡಿದರು. ದಿನಕ್ಕೆ ಹಲವು ಗಂಟೆ, ತಿಂಗಳುಗಟ್ಟಲೆ ಫೋನನ್ನು ಬಹಳ ಹತ್ತಿರ ಹಿಡಿದು ನೋಡಿದವರು. ಕಣ್ಣುಗಳು ಮೂಗಿನ ಕಡೆ ತಿರುಗಿದ್ದವು. ಫೋನ್ ಬಿಡಿಸಿದಾಗ ವಾಲುವುದು ಕಡಿಮೆಯಾಯಿತು, ಆದರೂ ಕೆಲವರಿಗೆ ಆಪರೇಷನ್ ಬೇಕಾಯಿತು. ಹತ್ತಿರದ್ದನ್ನು ನೋಡಲು ಎರಡೂ ಕಣ್ಣು ಒಳಕ್ಕೆ ತಿರುಗಲೇಬೇಕು. ಸದಾ ಹಾಗೇ ಇದ್ದರೆ ಕೆಲವರಲ್ಲಿ ಸ್ನಾಯು ಸಡಿಲವಾಗುವುದೇ ಕಷ್ಟ. ಅಲೆಗೂ ಇದಕ್ಕೂ ಸಂಬಂಧವಿಲ್ಲ.

ಮಗಳನ್ನು ತಕ್ಷಣ ವೈದ್ಯರಿಗೆ ತೋರಿಸಿ. ಹಠಾತ್ತಾದ ಮೆಳ್ಳೆಗಣ್ಣಿಗೆ ನರದ, ಮೆದುಳಿನ ಕಾರಣಗಳೂ ಇರುತ್ತವೆ. ಅವು ಇಲ್ಲವೆಂದು ಖಾತ್ರಿಯಾದ ಮೇಲೆಯೇ ಫೋನನ್ನು ಬೈಯಬೇಕು.

## ಪೊರೆ, ಆಪರೇಷನ್, ಕ್ಯಾನ್ಸರ್

ಮೊಬೈಲ್‌ನಿಂದ ಕಣ್ಣಿನ ಪೊರೆ ಬೇಗ ಬರುತ್ತಂತೆ. ಮೊಲಗಳ ಮೇಲೆ ಪ್ರಯೋಗ ಮಾಡಿ ತೋರಿಸಿದಾರಂತೆ, ನಿಜಾನಾ?

ಮೊಲದ ಪ್ರಯೋಗ ನಿಜ. ಈ ವಿಷಯದಲ್ಲಿ ವಿಜ್ಞಾನಿಗಳು ಮೊದಲಿಂದಲೂ ಹೆಚ್ಚು ಅನುಮಾನ ಪಟ್ಟದ್ದು ಕಣ್ಣಿನ ಮಸೂರದ ಮೇಲೆಯೇ, ಅದಕ್ಕೆ ಕಾರಣವೂ ಇದೆ. ಮಸೂರಕ್ಕೆ ರಕ್ತನಾಳವೇ ಇಲ್ಲ. ದೇಹದ ಉಳಿದ ಭಾಗ ಬಿಸಿಯಾದರೆ ಹರಿಯುವ ರಕ್ತ ಬಿಸಿಯನ್ನು ಒಯ್ಯುತ್ತದೆ. ಮಸೂರದಲ್ಲಿ ಆ ಅನುಕೂಲವಿಲ್ಲ. ಬಿಸಿ ಮೀರಿದರೆ ಬೇಯಿಸಿದ ಮೊಟ್ಟೆಯ ಬಿಳಿಯ ಹಾಗೆ ಅದರ ಪ್ರೋಟೀನ್ ಮುದ್ದೆಗಟ್ಟಿ ಬೆಳ್ಳಗಾಗುತ್ತದೆ. ಎರಡನೇ ಮಹಾಯುದ್ಧದ ರೇಡಾರ್ ಬಂದ ಮೇಲೆ, 1948ರ ಹೊತ್ತಿಗೇ ಪ್ರಾಣಿಗಳಲ್ಲಿ ಇದನ್ನು ಕಂಡರು. 1952ರಲ್ಲಿ ಮೈಕ್ರೋವೇವ್ ಯಂತ್ರ ನಡೆಸುತ್ತಿದ್ದ ಒಬ್ಬ ತಂತ್ರಜ್ಞನ ಎರಡೂ ಕಣ್ಣಿಗೆ ಪೊರೆ ಬಂದ ವರದಿಯೂ ಬಂತು.

ಈಗ ಪ್ರಮಾಣಕ್ಕೆ ಬನ್ನಿ. ಮೊಲದ ಕಣ್ಣಿಗೆ ಪೊರೆ ಬರಿಸಲು ಕಿಲೋ ದೇಹಭಾಗಕ್ಕೆ 100ರಿಂದ 140 ವ್ಯಾಟ್‌ನಷ್ಟು ಶಕ್ತಿಯನ್ನು ಎರಡು ಮೂರು ಗಂಟೆ ಎಡೆಬಿಡದೆ ಹಾಯಿಸಬೇಕಾಯಿತು. ಮಸೂರ 41ರಿಂದ 43 ಡಿಗ್ರಿಗೆ ಏರಿತ್ತು. ನಮ್ಮ ದೇಶದಲ್ಲಿ ಫೋನಿಗೆ ಇರುವ ಮಿತಿ ಕಿಲೋಗೆ 1.6 ವ್ಯಾಟ್. ಅಂದರೆ ಮೊಲ ಪಡೆದದ್ದು 60 ಪಟ್ಟಿಗೂ ಹೆಚ್ಚು. ಅಷ್ಟೇ ಜೋರಿನ ಅಲೆ ಬಿಟ್ಟರೂ ಮಂಗಗಳಿಗೆ ಪೊರೆ ಬರಲಿಲ್ಲ. ಮಂಗದ ಕಣ್ಣು ನಮ್ಮದರಂತೆ ಮೂಳೆಯ ಗೂಡಿನೊಳಗೆ ಇದೆ, ಮೊಲದ್ದು ಹೊರಕ್ಕೆ ಉಬ್ಬಿದೆ. ಶಕ್ತಿ ಒಳಸೇರುವ ರೀತಿ ಬೇರೆಯಾದ್ದರಿಂದ ಹೀಗಾಗಿರಬಹುದು ಎನ್ನುತ್ತಾರೆ.

ಇನ್ನೊಂದು ಕಡೆಯಿಂದಲೂ ಯೋಚಿಸಿ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ಕ್ಕೆ. ಅದಕ್ಕೂ ಎಷ್ಟೋ ದಶಕ ಮುಂಚೆಯೇ ನಮ್ಮ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಕ್ಯಾಂಪ್ ಹಾಕಿ ಸಾಲುಸಾಲಾಗಿ ಪೊರೆ ತೆಗೆಯುತ್ತಿದ್ದರು. ವಯಸ್ಸು, ಬಿಸಿಲು, ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಸೌದೆ ಒಲೆಯ ಹೊಗೆ, ಸ್ಟೀರಾಯ್ಡ್: ಪೊರೆಯ ಹಿಂದೆ ಇರುವವರು ಇವರೇ.

ಅಪ್ಪನಿಗೆ ಪೊರೆ ಆಪರೇಷನ್ ಆಗಿ ಲೆನ್ಸ್ ಹಾಕಿದಾರೆ. ಮೊಬೈಲ್ ಅಲೆಗೆ ಆ ಲೆನ್ಸ್ ಬಿಸಿಯಾಗಲ್ವಾ?

ಆಗುವುದಿಲ್ಲ. ಅದು ಅಕ್ರಿಲಿಕ್‌ನಂಥ ಪ್ಲಾಸ್ಟಿಕ್, ಲೋಹವಲ್ಲ. ಆಪರೇಷನ್ ಆದ ಮೊದಲ ದಿನಗಳಲ್ಲಿ ಫೋನ್ ಕಡಿಮೆ ಮಾಡಿ ಎನ್ನುವುದಕ್ಕೆ ಬೇರೆ ಕಾರಣ. ಕಣ್ಣು ಒಣಗಿ ಚುಚ್ಚುತ್ತದೆ, ಚುಚ್ಚಿದಾಗ ಕೈ ತಾನಾಗಿಯೇ ಉಜ್ಜಲು ಹೋಗುತ್ತದೆ. ಅದು ಅಪಾಯ. ಡ್ರಾಪ್ಸ್ ಸರಿಯಾಗಿ ಹಾಕಿ, ಕೈ ತೊಳೆದು ಹಾಕಿ. ಮೊಮ್ಮಕ್ಕಳ ಫೋಟೋ ನೋಡಬೇಕೆಂದರೆ ಪಾಪ, ತೋರಿಸಿ.

ಮೊಬೈಲ್‌ನಿಂದ ಕಣ್ಣಿನ ಕ್ಯಾನ್ಸರ್ ಬರುತ್ತೆ ಅಂತ ಜರ್ಮನಿಯವರು ಕಂಡುಹಿಡಿದಿದಾರೆ ಅಂತ ಓದಿದೆ.

ಅರ್ಧ ಕಥೆ ಓದಿದ್ದೀರಿ. ಕಣ್ಣಿನ ನಡುಪದರದಲ್ಲಿ ಬರುವ ಮೆಲನೋಮಾ ಎಂಬ ಅಪರೂಪದ ಕ್ಯಾನ್ಸರ್ ಇದೆ. 2001ರಲ್ಲಿ ಜರ್ಮನಿಯ ಒಂದು ತಂಡ ಸಣ್ಣ ಅಧ್ಯಯನ ಮಾಡಿ ಇದಕ್ಕೂ ಮೊಬೈಲ್ ಬಳಕೆಗೂ ನಂಟು ಕಾಣುತ್ತದೆ ಎಂದಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಡೆನ್ಮಾರ್ಕ್‌ನಲ್ಲಿ ಮೊಬೈಲ್ ಹೆಚ್ಚಾದಂತೆ ಈ ಕ್ಯಾನ್ಸರ್ ಹೆಚ್ಚಿದೆಯೇ ಎಂದು ನೋಡಿದರು, ಹಾಗೇನೂ ಕಾಣಲಿಲ್ಲ. ಜರ್ಮನಿಯ ಮೊದಲಿನ ಸಂಶೋಧಕರೇ ಇನ್ನೂ ದೊಡ್ಡ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು: ನಂಟು ಇಲ್ಲ. ಈ ಎರಡನೆಯದು ಸುದ್ದಿಯಾಗಲಿಲ್ಲ. ತಮ್ಮ ಹಳೇ ಫಲಿತಾಂಶವನ್ನು ತಾವೇ ಪರೀಕ್ಷೆಗೆ ಒಡ್ಡಿದ ಅವರ ಬಗ್ಗೆ ನನಗೆ ಗೌರವವಿದೆ.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ರೇಡಿಯೋ ಅಲೆಯನ್ನು "ಕ್ಯಾನ್ಸರ್‌ಕಾರಕ ಇರಬಹುದು" ಎಂಬ 2ಬಿ ಪಟ್ಟಿಗೆ ಸೇರಿಸಿದ್ದು ಮೆದುಳಿನ ಮತ್ತು ಕಿವಿಯ ನರದ ಗಡ್ಡೆಗಳ ಕುರಿತ ಸೀಮಿತ ಪುರಾವೆ ನೋಡಿ. ಕಣ್ಣಿನ ಕಾರಣಕ್ಕಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ಹೊಸ ಫೋನ್ ತಗೋಬೇಕು. ಎಸ್‌ಎಆರ್ ಕಮ್ಮಿ ಇರೋದೇ ಕಣ್ಣಿಗೆ ಒಳ್ಳೇದಾ?

ಎಸ್‌ಎಆರ್ ಅಂದರೆ ಒಂದು ಕಿಲೋ ದೇಹಭಾಗ ಎಷ್ಟು ವ್ಯಾಟ್ ಹೀರುತ್ತದೆ ಎಂಬ ಲೆಕ್ಕ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ತಲೆಗೆ 1.6 ವ್ಯಾಟ್ ಮಿತಿ, ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ. ಡಯಲ್ ಮಾಡುವ ಜಾಗದಲ್ಲಿ ಸ್ಟಾರ್, ಹ್ಯಾಶ್, 07, ಹ್ಯಾಶ್ ಒತ್ತಿದರೆ ನಿಮ್ಮ ಫೋನಿನದ್ದು ಗೊತ್ತಾಗುತ್ತದೆ.

ಆದರೆ 0.6ರ ಫೋನು 1.1ರ ಫೋನಿಗಿಂತ ಕ್ಷೇಮ ಎಂದು ಓದಬೇಡಿ. ಅದು ಫೋನ್ ಗರಿಷ್ಠ ಶಕ್ತಿಯಲ್ಲಿ ಕೂಗುವಾಗ ಅಳೆದದ್ದು. ನಿಜ ಜೀವನದಲ್ಲಿ ಎಲ್ಲವನ್ನೂ ತೀರ್ಮಾನ ಮಾಡುವುದು ಸಿಗ್ನಲ್. ಬೆಂಗಳೂರಿನಲ್ಲಿ ಟವರ್ ಪಕ್ಕದಲ್ಲೇ ಇದ್ದರೆ ಫೋನ್ ಪಿಸುಗುಡುತ್ತದೆ. ಮಲೆನಾಡಿನಲ್ಲಿ ಒಂದು ಕಡ್ಡಿ ಸಿಗ್ನಲ್‌ಗೆ ಗುಡ್ಡ ಹತ್ತಿ ನಿಂತಾಗ ಅದೇ ಫೋನ್ ಪೂರ್ತಿ ದಮ್ಮು ಕಟ್ಟುತ್ತದೆ. 2ಜಿಯಲ್ಲಿ ಗರಿಷ್ಠ ಎರಡು ವ್ಯಾಟ್, ಎಂಟರಲ್ಲೊಂದು ಪಾಲು ಹೊತ್ತು ಮಾತ್ರ ಕಳಿಸುವುದರಿಂದ ಸರಾಸರಿ ಕಾಲು ವ್ಯಾಟ್. 4ಜಿ ಫೋನಿನದ್ದು ಸಾಮಾನ್ಯವಾಗಿ ಗರಿಷ್ಠ 0.2 ವ್ಯಾಟ್. ಇದನ್ನೂ ಕಡಿಮೆ ಮಾಡಬೇಕೆಂಬ ಮನಸ್ಸಿದ್ದರೆ ಸ್ಪೀಕರ್ ಅಥವಾ ಇಯರ್‌ಫೋನ್ ಬಳಸಿ, ಲಿಫ್ಟ್‌ನಲ್ಲಿ ಕರೆ ಬೇಡ.

5ಜಿ ಬಂದ್ಮೇಲೆ ಕಣ್ಣಿಗೆ ಡೇಂಜರ್ ಜಾಸ್ತಿಯಾಗಿದ್ಯಂತೆ?

ಭಾರತದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ಕ್ಕೆ. ಫೋನುಗಳು ಹೆಚ್ಚಾಗಿ ಬಳಸುವುದು 700 ಮೆಗಾಹರ್ಟ್ಜ್ ಮತ್ತು 3.3 ಗಿಗಾಹರ್ಟ್ಜ್ ಸುತ್ತಮುತ್ತಲ ಅಲೆ. ಇದು ಮನೆಯ ವೈಫೈಗಿಂತ ತೀರಾ ಬೇರೆಯಲ್ಲ. ಚರ್ಚೆಗೆ ಯೋಗ್ಯವಾದದ್ದು 26 ಗಿಗಾಹರ್ಟ್ಜ್‌ನದು. ಕಂಪನ ಏರಿದಷ್ಟೂ ಅಲೆ ಒಳಗೆ ಇಳಿಯುವ ಆಳ ಕಡಿಮೆ. 26ರಲ್ಲಿ ಅದು ಸುಮಾರು ಒಂದು ಮಿಲಿಮೀಟರ್. ಹಾಗಾಗಿ ರೆಟಿನಾಗೆ ತಲುಪುವ ಪ್ರಶ್ನೆಯೇ ಇಲ್ಲ. ಉಳಿಯುವುದು ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾ ಮತ್ತು ಅದರ ಹಿಂದಿನ ನೀರು. ಜಪಾನಿನಲ್ಲಿ ಮೊಲದ ಕಣ್ಣಿನ ಮೇಲೆ ಇನ್ನೂ ಹೆಚ್ಚಿನ ಕಂಪನದ ಅಲೆ ಬಿಟ್ಟು ನೋಡಿದ್ದಾರೆ. ಗಾಯ ಮಾಡಲು ಸಾರ್ವಜನಿಕ ಮಿತಿಯ ಹತ್ತಾರು ಪಟ್ಟು ಬೇಕಾಯಿತು. ಆದ ಗಾಯವೂ ಬಿಸಿಯಿಂದಲೇ.

2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ಕಣ್ಣನ್ನು ಎರಡು ಭಾಗ ಮಾಡಿ ನೋಡುತ್ತದೆ. ಕಾರ್ನಿಯಾ, ಐರಿಸ್ ಇರುವ ಮುಂಭಾಗ 5 ಡಿಗ್ರಿ ಏರಿಕೆಯವರೆಗೆ ತಡೆಯುತ್ತದೆ, ಮಸೂರ ಮತ್ತು ಹಿಂಭಾಗಕ್ಕೆ 2 ಡಿಗ್ರಿಯೇ ಗಡಿ. ಅಷ್ಟು ಏರಿಸುವ ಶಕ್ತಿಯನ್ನು ಹತ್ತರಿಂದ ಭಾಗಿಸಿ ಜನಸಾಮಾನ್ಯರ ಮಿತಿ ಇಟ್ಟಿದ್ದಾರೆ.

ಮನೆ ಎದುರೇ ಟವರ್ ಇದೆ. ಕಿಟಕಿ ತೆಗೆದ್ರೆ ಕಣ್ಣು ಕುಟುಕುತ್ತೆ.

ಆಂಟೆನಾದಿಂದ ದೂರ ಹೋದಂತೆ ಅಲೆ ಬಹಳ ಬೇಗ ಸೊರಗುತ್ತದೆ. ಎಷ್ಟೋ ಸಲ ಎದುರಿನ ಟವರಿಗಿಂತ ಕೈಯಲ್ಲಿರುವ ಫೋನಿನಿಂದಲೇ ದೇಹಕ್ಕೆ ಜಾಸ್ತಿ ತಾಗುತ್ತದೆ. 2012ರಲ್ಲಿ ಭಾರತ ಟವರಿನ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ನಿಮ್ಮ ಮನೆ ಹತ್ತಿರದ ಟವರ್ ಮಾಹಿತಿ ನೋಡಲು, ಅಳತೆ ಮಾಡಿಸಲು ದೂರಸಂಪರ್ಕ ಇಲಾಖೆ 2017ರಲ್ಲಿ ತರಂಗ್ ಸಂಚಾರ್ ಎಂಬ ಪೋರ್ಟಲ್ ತೆರೆಯಿತು. ಕಿಟಕಿ ತೆಗೆದಾಗ ಕುಟುಕುವುದಕ್ಕೆ ರಸ್ತೆಯ ಧೂಳು, ಹೊಗೆ, ಹೂವಿನ ಪರಾಗ ಸಾಕು. ಅಲರ್ಜಿಗೆ ತೋರಿಸಿ ನೋಡಿ.

ಫೋನ್ ಹಿಂದೆ ಅಂಟಿಸೋ ಆಂಟಿ ರೇಡಿಯೇಷನ್ ಸ್ಟಿಕರ್ ಕೆಲಸ ಮಾಡುತ್ತಾ?

ಮಾಡುವುದಿಲ್ಲ. ಅಲೆಯನ್ನು ನಿಜಕ್ಕೂ ತಡೆದರೆ ಸಿಗ್ನಲ್ ಸಿಗದೆ ಫೋನ್ ಇನ್ನೂ ಜೋರಾಗಿ ಕಳಿಸುತ್ತದೆ. ತಡೆಯದಿದ್ದರೆ ಅದೊಂದು ಚಿತ್ರ ಅಷ್ಟೆ. ಅಮೆರಿಕದ ವ್ಯಾಪಾರ ಆಯೋಗ 2002ರಲ್ಲೇ ಇಂಥದ್ದನ್ನು ಮಾರಿದವರ ಮೇಲೆ ಕ್ರಮ ಕೈಗೊಂಡಿತು. ನಮ್ಮಲ್ಲಿ 2020ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗ ಸಗಣಿಯ ಚಿಪ್ ತಂದಾಗ ವಿಜ್ಞಾನಿಗಳು ಪುರಾವೆ ಎಲ್ಲಿ ಎಂದು ಕೇಳಿದರು. ಎಲ್ಲಕ್ಕಿಂತ ತಮಾಷೆಯದು ನೆದರ್ಲೆಂಡ್ಸ್‌ನದು. 5ಜಿಯಿಂದ ಕಾಪಾಡುತ್ತವೆಂದು ಮಾರುತ್ತಿದ್ದ ಪೆಂಡೆಂಟ್‌ಗಳು, ಕಣ್ಣಿನ ಪಟ್ಟಿ ಮುಂತಾದ ಹತ್ತು ವಸ್ತುಗಳನ್ನು 2021ರಲ್ಲಿ ಅಲ್ಲಿನ ಅಣುಸುರಕ್ಷತಾ ಪ್ರಾಧಿಕಾರ ಪರೀಕ್ಷಿಸಿ, ಅವೇ ವಿಕಿರಣ ಸೂಸುತ್ತಿವೆ, ಹಾಕಿಕೊಳ್ಳಬೇಡಿ ಎಂದು ಎಚ್ಚರಿಸಿತು.

ಇಲಿಗಳ ಮೇಲೆ ಪ್ರಯೋಗದಲ್ಲಿ ರೆಟಿನಾ ಕೆಟ್ಟಿದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಇಂಥದ್ದನ್ನ ನಂಬೋದಾ ಬಿಡೋದಾ?

ಮೂರು ಸಂಗತಿ ಹುಡುಕಿ. ಪ್ರಾಣಿಗೆ ಕೊಟ್ಟ ಪ್ರಮಾಣ ಎಷ್ಟು, ಅದನ್ನು ಕಿಲೋಗೆ ವ್ಯಾಟ್ ಲೆಕ್ಕದಲ್ಲಿ ಅಳೆದಿದ್ದಾರೋ, ಇಲ್ಲ ಬೋನಿನ ಪಕ್ಕ ಒಂದು ಫೋನಿಟ್ಟು ಕರೆ ಮಾಡಿದ್ದಾರೋ? ಪ್ರಾಣಿಯ ಮೈ ಬಿಸಿ ನೋಡಿದ್ದಾರೋ? ಅದೇ ಬೋನಿನಲ್ಲಿ ಅಲೆ ಬಿಡದೆ ಇಟ್ಟ ಇನ್ನೊಂದು ಗುಂಪು ಇತ್ತೋ, ಕಣ್ಣು ಪರೀಕ್ಷಿಸಿದವರಿಗೆ ಯಾವುದು ಯಾವ ಗುಂಪಿನದೆಂದು ಗೊತ್ತಿರಲಿಲ್ಲವೋ? ವಾಟ್ಸಾಪ್‌ನಲ್ಲಿ ಸುತ್ತುವ ಬಹಳಷ್ಟು ಅಧ್ಯಯನಗಳು ಮೊದಲ ಪ್ರಶ್ನೆಗೇ ಬೀಳುತ್ತವೆ.

ಇವೆಲ್ಲ ಸರಿಯಿದ್ದರೂ ಒಂದೇ ಪ್ರಯೋಗ ಸಾಲದು. ಅಮೆರಿಕ ಸರ್ಕಾರದ ವಿಷವಿಜ್ಞಾನ ವಿಭಾಗ ಇಲಿಗಳ ಇಡೀ ಮೈಗೆ ದಿನಕ್ಕೆ ಸುಮಾರು 9 ಗಂಟೆ, ಎರಡು ವರ್ಷ ಅಲೆ ಬಿಟ್ಟು 2018ರಲ್ಲಿ ವರದಿ ಕೊಟ್ಟಿತು. ಕಿಲೋಗೆ 6 ವ್ಯಾಟ್‌ವರೆಗೆ ಕೊಟ್ಟಿದ್ದರು. ಗಂಡು ಇಲಿಗಳ ಹೃದಯದಲ್ಲಿ ಗಡ್ಡೆ ಕಂಡವು ಎಂಬುದು ಎಲ್ಲ ಕಡೆ ಸುದ್ದಿಯಾಯಿತು. ಅಲೆಗೆ ಒಡ್ಡಿದ ಅದೇ ಗಂಡು ಇಲಿಗಳು ಒಡ್ಡದವುಗಳಿಗಿಂತ ಹೆಚ್ಚು ದಿನ ಬದುಕಿದವು ಎಂಬುದೂ ಅದೇ ವರದಿಯಲ್ಲಿದೆ. ಅದನ್ನು ಮಾತ್ರ ಇದುವರೆಗೆ ನನಗೆ ಯಾರೂ ಫಾರ್ವರ್ಡ್ ಮಾಡಿಲ್ಲ.